ತವರಿನವರಿಗೆ ಮಾರ್ಕ್ಸ್ ಜಾಸ್ತಿ ಕೊಟ್ರಾ? ಸ್ಕೇಟಿಂಗ್ ಸ್ಕೋರ್‌ಶೀಟ್ ನೀವೇ ಓದಿ ನೋಡಿ

ಸೋಚಿ 2014ರ ಮಹಿಳೆಯರ ಫಿಗರ್ ಸ್ಕೇಟಿಂಗ್ ಜಗಳ ಇನ್ನೂ ಮುಗಿದಿಲ್ಲ. ರಷ್ಯಾದಲ್ಲೇ ಒಲಿಂಪಿಕ್ಸ್, ರಷ್ಯಾದ ಅಡೆಲಿನಾ ಸೊಟ್ನಿಕೋವಾಗೆ 224.59 ಬಂದು ಚಿನ್ನ, ಕೊರಿಯಾದ ಯೂನಾ ಕಿಮ್‌ಗೆ 219.11ರಲ್ಲಿ ಬೆಳ್ಳಿ. ಮೋಸ ಅಂತ ಕೂಗೋ ಮುಂಚೆ ಸ್ಕೋರ್‌ಶೀಟ್ ಪಿಡಿಎಫ್ ತೆಗೀರಿ, ಪ್ರೋಟೋಕಾಲ್ ಅಂತಾರೆ ಅದಕ್ಕೆ, ಆನ್‌ಲೈನಲ್ಲೇ ಸಿಗತ್ತೆ.

ಒಟ್ಟು ಸ್ಕೋರ್ ಬಿಡಿ, ವ್ಯತ್ಯಾಸ ಎಲ್ಲಿ ಹುಟ್ತು ಅಂತ ಹುಡುಕಿ. ಮೊದಲ ಸುತ್ತು ಶಾರ್ಟ್ ಪ್ರೋಗ್ರಾಮಲ್ಲಿ ಕಿಮ್ ಬರೀ 0.28 ಮುಂದಿದ್ಲು, ಆಟ ತಿರುಗಿದ್ದು ಎರಡನೇ ಸುತ್ತು ಫ್ರೀ ಸ್ಕೇಟಲ್ಲಿ. ಅಲ್ಲಿ ಬೇಸ್ ವ್ಯಾಲ್ಯೂನೇ, ಅಂದ್ರೆ ಪ್ರತಿ ಎಲಿಮೆಂಟ್‌ಗೆ (ಜಂಪ್, ಸ್ಪಿನ್ ಥರದ್ದು) ಮೊದಲೇ ಗೊತ್ತುಮಾಡಿದ ಅಂಕಗಳ ಮೊತ್ತವೇ, ಸೊಟ್ನಿಕೋವಾದು 61.43, ಕಿಮ್‌ದು 57.49, ಯಾಕಂದ್ರೆ ಸೊಟ್ನಿಕೋವಾ ಏಳು ಟ್ರಿಪಲ್ (ಗಾಳಿಯಲ್ಲಿ ಮೂರು ಸುತ್ತಿನ ಜಂಪ್) ಹಾಕಿದ್ಲು, ಕಿಮ್ ಆರು. ಇಷ್ಟರಲ್ಲೇ ಹತ್ತತ್ರ 4 ಪಾಯಿಂಟ್ ಹೋಯ್ತು. ಹಾಗಂತ ಬೇಸ್ ವ್ಯಾಲ್ಯೂ ಪೂರ್ತಿ ಮನುಷ್ಯರ ಕೈಗೆ ಸಿಗದ ನಂಬರ್ ಅಂದ್ಕೋಬೇಡಿ, ಎಲಿಮೆಂಟ್ ಎಷ್ಟು ಕಷ್ಟದ್ದು ಅನ್ನೋ ಲೆವೆಲ್ ಕೊಡೋದು ಜಡ್ಜ್‌ಗಳಿಂದ ಬೇರೆಯಾದ ಟೆಕ್ನಿಕಲ್ ಪ್ಯಾನಲ್, ಸ್ಟೆಪ್ ಸೀಕ್ವೆನ್ಸಲ್ಲಿ (ಕಾಲ್ಚಳಕದ ಭಾಗ) ಸೊಟ್ನಿಕೋವಾಗೆ ಲೆವೆಲ್ 4 ಕಿಮ್‌ಗೆ 3, ಆದ್ರೆ ಅದರಿಂದ ಬೇಸಲ್ಲಿ ಆಗೋ ಫರಕು 0.6 ಅಷ್ಟೇ.

ಆಮೇಲೆ ಜಿಓಇ, ಅಂದ್ರೆ ಪ್ರತಿ ಎಲಿಮೆಂಟ್ ಎಷ್ಟು ಚೆನ್ನಾಗಿ ಮಾಡಿದ್ರು ಅನ್ನೋದಕ್ಕೆ ಜಡ್ಜ್‌ಗಳು ಹಾಕೋ ಪ್ಲಸ್ಸು ಮೈನಸ್ಸು. ಒಟ್ಟು ಸೊಟ್ನಿಕೋವಾಗೆ 14.11, ಕಿಮ್‌ಗೆ 12.20. ಸೊಟ್ನಿಕೋವಾ ಮೂರು ಜಂಪ್ ಕಾಂಬಿನೇಷನ್ನಿನ ಕೊನೇ ಜಂಪಲ್ಲಿ ಎಡವಿದ್ಲಲ್ಲ, ಅಲ್ಲಿ ಮೈನಸ್ ಬಿದ್ದಿದೆ, ಅಂದ್ರೆ ಕಣ್ಣಿಗೆ ಕಾಣೋ ತಪ್ಪನ್ನ ಯಾರೂ ಮುಚ್ಚಿಲ್ಲ.

ನಿಜವಾಗ್ಲೂ ಕೂತು ನೋಡ್ಬೇಕಾದ್ದು ಕಾಂಪೊನೆಂಟ್ಸ್, ಅಂದ್ರೆ ಇಡೀ ಪ್ರದರ್ಶನದ ಗುಣಮಟ್ಟಕ್ಕೆ ಜಡ್ಜ್‌ಗಳು ಕೊಡೋ ಅಂಕ. ಸೊಟ್ನಿಕೋವಾಗೆ 74.41, ಕಿಮ್‌ಗೆ 74.50, ಹೆಚ್ಚುಕಮ್ಮಿ ಸಮ! ಸ್ಕೇಟಿಂಗ್ ಸ್ಕಿಲ್ಸ್, ಸಂಗೀತದ ಭಾವ ಇವಕ್ಕೆಲ್ಲ ಅಳತೆಗೋಲು ಇಲ್ಲ, ಜನ ಕಿರುಚೋದು ಜಡ್ಜ್ ಕಿವಿಗೂ ಬೀಳತ್ತೆ, ತವರಿನ ಲಾಭ ನುಸುಳೋದಾದ್ರೆ ಇಲ್ಲಿ ಮತ್ತೆ ಜಿಓಇನಲ್ಲಿ. ಅದೇ ಸ್ಕೇಟರ್‌ಗೆ ಅದೇ ಸೀಸನಲ್ಲಿ ಹೊರದೇಶದಲ್ಲಿ ಎಷ್ಟು ಬಂದಿತ್ತು ಅಂತ ಪಕ್ಕದಲ್ಲಿಟ್ಟು ನೋಡಿ. ನನ್ ಪ್ರಕಾರ ಜಂಪ್ ಲೆಕ್ಕದಲ್ಲಿ ಆ ಚಿನ್ನ ಸಮರ್ಥಿಸ್ಕೋಬಹುದು, ಕಾಂಪೊನೆಂಟ್ಸ್ ಸಮ ಆಗಿದ್ದು ಮಾತ್ರ ಗಂಟಲಲ್ಲಿ ಇಳಿಯಲ್ಲ.

ಒಬ್ಬ ಜಡ್ಜ್ ಕೊಳ್ಳೆ ಹೊಡ್ದ ಅನ್ನೋದೂ ಅಷ್ಟು ಸುಲಭ ಅಲ್ಲ, ಒಂಬತ್ತು ಜನರಲ್ಲಿ ಅತಿ ಹೆಚ್ಚು ಅತಿ ಕಮ್ಮಿ ಎರಡೂ ತೆಗೆದು ಸರಾಸರಿ ಹಾಕ್ತಾರೆ. 2014ರಲ್ಲಿ ಯಾವ ಅಂಕ ಯಾರದು ಅಂತ ಗೊತ್ತಾಗ್ತಿರ್ಲಿಲ್ಲ, 2016ರಲ್ಲಿ ಆ ಗುಟ್ಟಿನ ಪದ್ಧತಿ ಎತ್ತಿದ್ರು. ಹಾಗಾಗಿ ಈಗಿನ ಶೀಟಲ್ಲಿ ತವರಿನ ಜಡ್ಜ್ ಕಾಲಂ ಹಿಡ್ಕೊಂಡು, ತಮ್ಮವರಿಗೆ ಎಷ್ಟು, ಎದುರಾಳಿಗೆ ಎಷ್ಟು, ಉಳಿದ ಎಂಟು ಜನ ಏನ್ ಕೊಟ್ರು ಅಂತ ಎರಡೂ ಕಡೆ ನೋಡಿ. ಹಳೇದನ್ನ ಹೊಸದಕ್ಕೆ ನೇರವಾಗಿ ಹೋಲಿಸ್ಬೇಡಿ, ಆಗ ಜಿಓಇ ಮೈನಸ್ 3ರಿಂದ ಪ್ಲಸ್ 3, ಈಗ 5ರ ತನಕ, ಕಾಂಪೊನೆಂಟ್ಸೂ ಐದಿದ್ದಿದ್ದು ಮೂರಾಗಿದೆ.