ಸದ್ದು ನಿಂತ್ರೂ ತಲೆ ಅಲ್ಲಾಡಿಸ್ಬೇಡಿ: ಮಿದುಳಿನ ಎಂಆರ್‌ಐಗೆ ಹೀಗೆ ರೆಡಿಯಾಗಿ

ಅರಕಲಗೂಡು ಕಡೆಯ ಅಜ್ಜಿಯೊಬ್ಬರು ಬೆಳಗಿನ ಬಸ್ಸಿಗೆ ಹಾಸನಕ್ಕೆ ಬಂದು ನಮ್ಮ ಸ್ಕ್ಯಾನ್ ರೂಮಲ್ಲಿ ಹತ್ತು ನಿಮಿಷ ಒಂಚೂರೂ ಅಲ್ಲಾಡದೆ ಮಲಗಿದ್ರು, ಮಷೀನ್ ಸದ್ದು ನಿಂತಿದ್ದೇ ತಡ ಬಾಗಿಲ ಕಡೆ ತಲೆ ತಿರುಗಿಸಿಬಿಟ್ರು. "ಸದ್ದು ನಿಂತೋಯ್ತಲ್ಲ ಮಗಾ, ಆಯ್ತು ಅನ್ಕೊಂಡೆ" ಅಂದ್ರು. ತಪ್ಪು ಅಜ್ಜೀದಲ್ಲ, ಮುಂಚೆನೇ ಬಿಡಿಸಿ ಹೇಳದ ನಂದು.

ಎಂಆರ್‌ಐ ಅಂದ್ರೆ ಫೋಟೋ ಹೊಡೆದಂಗಲ್ಲ. 20ರಿಂದ 40 ನಿಮಿಷದಲ್ಲಿ ಹಲವು ಸುತ್ತು ನಡೆಯುತ್ತೆ, ಒಂದೊಂದು ಸುತ್ತು ಸಾಮಾನ್ಯವಾಗಿ 2ರಿಂದ 6 ನಿಮಿಷ, ಅಷ್ಟೂ ಹೊತ್ತು ಬಂದ ಸಿಗ್ನಲ್ಲನ್ನೆಲ್ಲ ಕೂಡಿಸಿ ಕಂಪ್ಯೂಟರ್ ಒಂದೇ ಸಲ ಚಿತ್ರ ಕಟ್ಟುತ್ತೆ, ಅದಕ್ಕೇ ಮಧ್ಯೆ ತಲೆ ಸರಿದ್ರೆ ಕೆಡೋದು ಒಂದು ಮೂಲೆ ಮಾತ್ರ ಅಲ್ಲ. ತಲೆಬುರುಡೆ ಅಂಚಿನ ನೆರಳು ಮಿದುಳಿನ ಮೇಲೆ ಗೆರೆ ಗೆರೆಯಾಗಿ ಬೀಳುತ್ತೆ, ಚಿಕ್ಕ ಸ್ಟ್ರೋಕ್ ಅದರಡಿ ಮುಚ್ಚಿಹೋಗ್ಬಹುದು. ಸುತ್ತುಗಳ ನಡುವೆ ಸದ್ದು ನಿಂತಾಗ ತಿರುಗಿದ್ರೂ ಕಷ್ಟಾನೇ, ತಲೆ ಎಲ್ಲಿದೆ ಅಂತ ಮೊದ್ಲು ಹಾಕಿಕೊಂಡ ಅಳತೆ ತಪ್ಪುತ್ತೆ.

ಮೊದ್ಲು ಬಾತ್‌ರೂಮಿಗೆ ಹೋಗಿ ಬನ್ನಿ. ಹೇರ್‌ಪಿನ್, ಓಲೆ, ಸರ ಎಲ್ಲಾ ತೆಗೆದಿಡಿ, ತುರುಬನ್ನೂ ಬಿಚ್ಚಿ, ಅದರ ಮೇಲೆ ತಲೆ ಇಟ್ರೆ ನಿಲ್ಲದೆ ಪಕ್ಕಕ್ಕೆ ಜಾರ್ತಾ ಇರುತ್ತೆ. ತಲೆ ಸುತ್ತ ಪಂಜರದಂಥ ಹೆಡ್ ಕಾಯಿಲ್ ಹಾಕಿದ್ಮೇಲೆ ಎರಡೂ ಕಿವಿ ಪಕ್ಕ ಸ್ಪಂಜ್ ಬಿಗಿಯಾಗಿ ಕೂರಿಸೋಕೆ ಹೇಳಿ, ನೋವಾಗೋಷ್ಟು ಬೇಡ, ನೋವಿದ್ರೆ ಯಾರೂ ಸುಮ್ಮನೆ ಮಲಗಲ್ಲ. ಮೊಣಕಾಲಡಿ ದಿಂಬು ಕೇಳಿ, ಸೊಂಟ ಹಗುರಾಗುತ್ತೆ. ರೂಮ್ ತಣ್ಣಗಿರುತ್ತೆ, ನಡುಗದಂಗೆ ಹೊದಿಕೆನೂ ಕೇಳಿ. ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು.

ಕೈಗೆ ಕೊಡೋ ರಬ್ಬರ್ ಬಾಲನ್ನ ಒಳಗೆ ಹೋಗೋಕೆ ಮುಂಚೆ ಒಂದ್ಸಲ ಹಿಸುಕಿ ನೋಡಿ. ಹೊರಗೆ ಬೆಲ್ ಆಗುತ್ತೆ, ಕರೆದ್ರೆ ಬರ್ತಾರೆ ಅನ್ನೋದು ಗೊತ್ತಾದ್ರೆ ಅರ್ಧ ಹೆದರಿಕೆ ಹೋಗುತ್ತೆ. ಕೆಮ್ಮು, ಎಂಜಲು ನುಂಗೋದು ಸದ್ದು ನಿಂತಾಗ ಮುಗಿಸ್ಕೊಳ್ಳಿ, ತಲೆ ಮಾತ್ರ ಇದ್ದಲ್ಲೇ ಇರ್ಲಿ. ಆ ಅಜ್ಜಿಗೆ ಎರಡನೇ ಸಲ ಪ್ರತಿ ಸುತ್ತಿಗೂ ಮೈಕಲ್ಲಿ "ಅಜ್ಜಿ, ಈಗ ನಾಕು ನಿಮಿಷ" ಅಂತ ಹೇಳ್ತಾ ಹೋದೆ, ಕೊನೇವರೆಗೂ ಕದಲಲಿಲ್ಲ.

ಸಣ್ಣ ಕೂಸಾದ್ರೆ ಹಾಲು ಕುಡಿಸಿ ಬಟ್ಟೇಲಿ ಬೆಚ್ಚಗೆ ಸುತ್ತಿದ್ರೆ ಎಷ್ಟೋ ಸಲ ನಿದ್ದೆ ಇಂಜೆಕ್ಷನ್ ಬೇಕಾಗಲ್ಲ. ಓಡಾಡೋ ವಯಸ್ಸಿನ ಮಕ್ಕಳಿಗೆ ನಿದ್ದೆ ಬರಿಸೋ ಔಷಧಿ ಕೊಡೋಕೆ ಡಾಕ್ಟರ್ ಹೇಳ್ಬಹುದು, ಹಾಗಿದ್ರೆ ಎಷ್ಟು ಹೊತ್ತಿಂದ ತಿನ್ನೋಕೆ ಕುಡಿಯೋಕೆ ಏನೂ ಕೊಡಬಾರದು ಅಂತ ಮುಂಚೆನೇ ಕೇಳ್ಕೊಳ್ಳಿ, ದಯವಿಟ್ಟು ಮನೇಲೇ ನಿದ್ದೆ ಔಷಧಿ ಕುಡಿಸಿ ಕರ್ಕೊಂಡು ಬರ್ಬೇಡಿ.