ಎರಡು ಪಟ್ಟಿ, ಒಂದು ಮೊಳೆ: ಗರಿಷ್ಠ-ಕನಿಷ್ಠ ಕಲಿಸಿದ ನನ್ನ ಅನುಭವ

3 ಸೈನ್ ಎಕ್ಸ್ + 4 ಕಾಸ್ ಎಕ್ಸ್ ಗರಿಷ್ಠ ಎಷ್ಟು ಅಂದ್ರೆ ನನ್ನ ಪಿಯು ಮೊದಲ ವರ್ಷದ ಮಕ್ಕಳು ಈಗ ಪೆನ್ನು ಮುಟ್ಟದೆ 5 ಅನ್ನುತ್ತಾರೆ. ಮೊದಲು ಅರ್ಧಕ್ಕರ್ಧ ಜನ 7 ಅನ್ನುತ್ತಿದ್ದರು. ಸೈನ್, ಕಾಸ್ ಎರಡೂ ಒಟ್ಟಿಗೆ 1 ಆಗಲ್ಲ ಅಂತ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಎರಡು ಪಟ್ಟಿ ಜೋಡಿಸಿ, ಮೊಳೆಗೆ ಸಿಕ್ಕಿಸಿ ತಿರುಗಿಸಿ ತೋರಿಸತೊಡಗಿದೆ.

ಬಾಗಲಕೋಟೆ ನವನಗರದಲ್ಲಿ ಟ್ಯೂಶನ್ ನಡೆಸುವ ಗೆಳೆಯರು, "ಡೆರಿವೇಟಿವ್ ತೆಗೆದು ಸೊನ್ನೆಗೆ ಹಚ್ಚಿದ್ರೆ ಮುಗೀತಲ್ರೀ ಸರ್, ಕಟ್ಟಿಗೆ ಆಟ ಯಾಕೆ?" ಅಂದರು. ಮೊದಲ ವರ್ಷದವರಿಗೆ ಟ್ರಿಗ್ನಾಮೆಟ್ರಿ ನಡೆಯುವಾಗ ಡೆರಿವೇಟಿವ್ ಇನ್ನೂ ಬಂದಿರಲ್ಲ, ಅಲ್ವಾ? ಅದರ ಮೇಲೆ ಸಿಇಟಿ ಪ್ರವೇಶ ಪರೀಕ್ಷೆಯ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ.

ಪಟ್ಟಿಗಳನ್ನು ಮೊದಲು ರಟ್ಟಿನಲ್ಲಿ ಮಾಡಿದೆ. ಮೂಲೆ ಸಡಿಲಾಗಿ 90 ಡಿಗ್ರಿ ನಿಲ್ಲಲಿಲ್ಲ, ತುದಿ 5 ದಾಟಿ ಹೋಯಿತು. ಅಕ್ರಿಲಿಕ್‌ಗೆ ಎಂಟುನೂರು ಚಿಲ್ಲರೆ ಸುರಿದೆ, ತೂತು ಕೊರೆಯುವಾಗ ಸೀಳಿತು. ಕೊನೆಗೆ ಬಡಿಗೇರರ ಹತ್ತಿರ ಪ್ಲೈವುಡ್ ಪಟ್ಟಿ ಮಾಡಿಸಿದೆ. ಕೂಲಿ ಸೇರಿ ಮುನ್ನೂರರ ಆಸುಪಾಸು.

30 ಸೆಂ.ಮೀ. ಪಟ್ಟಿಯ ತುದಿಗೆ 40ರದ್ದನ್ನು ಲಂಬಕೋನದಲ್ಲಿ ಬಿಗಿಯಾಗಿ ಕೂರಿಸಿ, 30ರ ಇನ್ನೊಂದು ತುದಿಯನ್ನು ಬೋರ್ಡಿಗೆ ಮೊಳೆ ಹೊಡೆದು ತಿರುಗಿಸುತ್ತೇನೆ. 10 ಸೆಂ.ಮೀ.ಗೆ 1 ಅಂತ ಲೆಕ್ಕ; ಮೊದಲ ಪಟ್ಟಿ ಅಡ್ಡಗೆರೆಯಿಂದ ಎತ್ತಿದ ಕೋನವೇ ಎಕ್ಸ್. ಮೊದಲ ಪಟ್ಟಿ ಏರುವುದು 3 ಸೈನ್ ಎಕ್ಸ್, ಎರಡನೆಯದು 4 ಕಾಸ್ ಎಕ್ಸ್. ಕೊನೆಯ ತುದಿ ಮೊಳೆಯಿಂದ ಯಾವಾಗಲೂ 50 ಸೆಂ.ಮೀ. ದೂರ. ಅದಕ್ಕಿಂತ ಮೇಲೆ ಹೋಗುವುದು ಹೇಗೆ? ಕೆಳಗೂ ಅಷ್ಟೇ, ಮೈನಸ್ 5. ಮಕ್ಕಳೇ ಟೇಪ್ ಹಿಡಿದು ಅಳೆದರು. 3, 4ರ ವರ್ಗ ಕೂಡಿಸಿ ವರ್ಗಮೂಲ ತೆಗೆಯುವ ಸೂತ್ರ ಬಾಯಿಪಾಠ ಮಾಡಿಸುವ ಕೆಲಸವೇ ಬೀಳಲಿಲ್ಲ.

ಇದರಿಂದ ಇನ್ನೊಂದು ಲಾಭ. ಎಕ್ಸ್ 0ಯಿಂದ 90 ಡಿಗ್ರಿ ಒಳಗೇ ಇರಬೇಕು ಅಂದಾಗ ಕನಿಷ್ಠ ಮೈನಸ್ 5 ಅಂತ ಬರೆಯುವವರು ಜಾಸ್ತಿ. ಪಟ್ಟಿಯನ್ನು ಕಾಲು ಸುತ್ತು ಮಾತ್ರ ತಿರುಗಿಸಿ ತೋರಿಸಿದೆ. 4ರಿಂದ ಶುರುವಾಗಿ, 5 ಮುಟ್ಟಿ, 3ಕ್ಕೆ ಇಳಿಯಿತು. ಕನಿಷ್ಠ 3!

ಎಎಂ-ಜಿಎಂ ದಾರಿಯನ್ನೂ ನೋಡಿದೆ, ಅಂದರೆ ಎರಡು ಧನ ಸಂಖ್ಯೆಗಳ ಸರಾಸರಿ ಅವುಗಳ ಗುಣಲಬ್ಧದ ವರ್ಗಮೂಲಕ್ಕಿಂತ ಕಡಿಮೆ ಆಗಲ್ಲ ಅನ್ನೋ ನಿಯಮ. 9 ಟ್ಯಾನ್ ವರ್ಗ + 4 ಕಾಟ್ ವರ್ಗಕ್ಕೆ ಕನಿಷ್ಠ 12 ಚೆನ್ನಾಗಿ ಬರುತ್ತದೆ. ಅದೇ ಧೈರ್ಯದಲ್ಲಿ 4 ಸೈನ್ ವರ್ಗ + 9 ಕೊಸೆಕ್ ವರ್ಗಕ್ಕೂ 12 ಬರೆದರೆ ಮಾರ್ಕು ಹೋಯಿತು. 12 ಬರಬೇಕಾದರೆ ಎರಡೂ ಪದ ಸಮ ಇರಬೇಕು, ಅಂದರೆ ಸೈನ್ ವರ್ಗ ಒಂದೂವರೆ ಆಗಬೇಕು, ಆಗುತ್ತಾ? ಸರಿಯುತ್ತರ 13, ಸೈನ್ ವರ್ಗ 1 ಇದ್ದಾಗ.

ಸೈನ್ ಎಕ್ಸ್ ಜೊತೆ ಸೈನ್ 2ಎಕ್ಸ್ ಸೇರಿ ಬಂದರೆ ಇದೇ ಪಟ್ಟಿಗೆ ಏನು ಜೋಡಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಬ್ಯಾಚಿನ ಮಕ್ಕಳಿಗೆ.