ಅರ್ಧ ಮಿಲಿಮೀಟರ್ ತೂತಿನ ಬೆನ್ನು ಹತ್ತಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಮಾಡಿಸಬೇಕು. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಪಾಸಾಗುವುದಿಲ್ಲ. ಬಫಲೋದಲ್ಲಿರುವ ನನ್ನ ಹಳೇ ಸೆಡಾನ್‌ನಲ್ಲಿ ಆ ದೀಪ ಹತ್ತಿಕೊಂಡಿತು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ಬಂದ ಕೋಡ್ ಪಿ0456. ಅಂದರೆ ಪೆಟ್ರೋಲ್ ಆವಿ ಹೊರಗೆ ಹೋಗದಂತೆ ತಡೆಯುವ ಇವ್ಯಾಪ್ ವ್ಯವಸ್ಥೆಯಲ್ಲಿ ತೀರಾ ಸಣ್ಣ ಲೀಕ್. ಕಂಪ್ಯೂಟರ್ ಲೆಕ್ಕದಲ್ಲಿ 0.020 ಇಂಚು, ಸುಮಾರು ಅರ್ಧ ಮಿಲಿಮೀಟರ್ ತೂತು. ಗಾಡಿ ಚೆನ್ನಾಗೇ ಓಡುತ್ತಿತ್ತು. ವಾಸನೆಯೂ ಇರಲಿಲ್ಲ.

ಟ್ಯಾಂಕಿನ ಆವಿ ಇದ್ದಿಲು ತುಂಬಿದ ಡಬ್ಬಿಗೆ ಹೋಗಿ ಸೇರುತ್ತದೆ. ಇದೇ ಕ್ಯಾನಿಸ್ಟರ್. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಂಡು ಆ ಆವಿಯನ್ನು ಎಂಜಿನ್‌ಗೆ ಬಿಡುತ್ತದೆ. ಕ್ಯಾನಿಸ್ಟರ್‌ಗೆ ಹೊರಗಿನ ಗಾಳಿ ಬರುವ ಕಡೆ ವೆಂಟ್ ವಾಲ್ವ್ ಇದೆ. ಕರೆಂಟ್ ಇಲ್ಲದಾಗ ಪರ್ಜ್ ಮುಚ್ಚಿರುತ್ತದೆ, ವೆಂಟ್ ತೆರೆದಿರುತ್ತದೆ. ಇದಿಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಈ ಕೋಡ್ ಬಂದರೆ ಯಾರನ್ನು ಕೇಳಿದರೂ ‘ಪೆಟ್ರೋಲ್ ಟ್ಯಾಂಕಿನ ಕ್ಯಾಪ್ ಬದಲಾಯಿಸಿ’ ಅಂತಾರೆ. ನೋಡುವುದು ತಪ್ಪಲ್ಲ, ಆದರೆ ನೋಡದೇ ಕೊಳ್ಳುವುದು ಯಾಕೆ? ಕ್ಯಾಪಿನ ರಬ್ಬರ್ ರಿಂಗ್ ಮೆತ್ತಗಿತ್ತು, ಬಿರುಕಿರಲಿಲ್ಲ. ಅದು ಕೂರುವ ಅಂಚೂ ಚೊಕ್ಕಟವಾಗಿತ್ತು. ಆಮೇಲೆ ಪರ್ಜ್ ವಾಲ್ವ್. ಎಂಜಿನ್ ಆಫ್ ಮಾಡಿ, ಪೈಪ್ ಬಿಚ್ಚಿ, ಕೈ ಪಂಪಿನಿಂದ ವ್ಯಾಕ್ಯೂಮ್ ಎಳೆದೆ. ಪಂಪಿನ ಮೀಟರ್ ಮುಳ್ಳು ಇಳಿಯಲಿಲ್ಲ, ಅಂದರೆ ವಾಲ್ವ್ ಸೋರುತ್ತಿಲ್ಲ. ಇದು ಸೋರುತ್ತಿದ್ದರೆ ಪೆಟ್ರೋಲ್ ಹಾಕಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಆ ಲಕ್ಷಣವೂ ಇರಲಿಲ್ಲ.

(ಹಾಗೇ ಒಂದು ಮಾತು. ನಮ್ಮೂರ ಬಂಕ್‌ಗಳಲ್ಲಿ ಆಟೋ ಕಟ್ ಆದ ಮೇಲೂ ರೌಂಡ್ ಫಿಗರ್‌ಗೆ ಅಂತ ಇನ್ನಷ್ಟು ಹಾಕಿಸುತ್ತೇವಲ್ಲ, ಅದು ಬೇಡ. ದ್ರವ ಪೆಟ್ರೋಲೇ ಕ್ಯಾನಿಸ್ಟರ್‌ಗೆ ನುಗ್ಗಿದರೆ ಇದ್ದಿಲು ಹಾಳಾಗುತ್ತದೆ.)

ಉಳಿದದ್ದು ಹೊಗೆ ಪರೀಕ್ಷೆ. ಸ್ಮೋಕ್ ಮಷೀನ್ ಎಣ್ಣೆ ಕಾಯಿಸಿ ಹೊಗೆ ಮಾಡುತ್ತದೆ. ಇದಕ್ಕೆ ಕಂಪ್ರೆಸರ್ ಗಾಳಿಯ ಬದಲು ನೈಟ್ರೋಜನ್ ಕೊಟ್ಟೆ. ಪೆಟ್ರೋಲ್ ಆವಿ ಇರುವ ಟ್ಯಾಂಕಿಗೆ ಗಾಳಿ ತುಂಬುವುದು ಬೆಂಕಿಯ ಜೊತೆ ಆಟ. ಒತ್ತಡ ಅರ್ಧ ಪಿಎಸ್‌ಐ ದಾಟಬಾರದು. ಜಾಸ್ತಿ ಕೊಟ್ಟರೆ ಚೆನ್ನಾಗಿರುವ ಸೀಲ್ ಕೂಡ ಕಿತ್ತುಹೋಗಬಹುದು. ಸ್ಕ್ಯಾನರ್‌ನಿಂದಲೇ ವೆಂಟ್ ವಾಲ್ವ್ ಮುಚ್ಚಿಸಿ, ಪರ್ಜ್ ಲೈನ್‌ನಿಂದ ಹೊಗೆ ಬಿಟ್ಟೆ.

ಇಲ್ಲಿ ಅವಸರ ಮಾಡಬಾರದು. ಮೊದಲು ಪೆಟ್ರೋಲ್ ಕ್ಯಾಪ್ ತೆಗೆದಿಡಬೇಕು. ಅಲ್ಲಿಂದ ದಟ್ಟವಾಗಿ ಹೊಗೆ ಬಂದರೆ ಒಳಗೆಲ್ಲ ತುಂಬಿದೆ ಅಂತ ಅರ್ಥ. ಆಗ ಕ್ಯಾಪ್ ಹಾಕಿ ಕಾಯಬೇಕು. ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದರೆ ಒಳ್ಳೆಯದು. ಖಾಲಿ ಟ್ಯಾಂಕ್ ತುಂಬಲು ತುಂಬಾ ಹೊತ್ತು ಬೇಕು. ಇಷ್ಟು ಸಣ್ಣ ತೂತಿನಿಂದ ಬರುವ ಹೊಗೆ ಊದುಬತ್ತಿಯ ಎಳೆಯಷ್ಟೇ ತೆಳ್ಳಗೆ. ಸ್ವಲ್ಪ ಗಾಳಿ ಬೀಸಿದರೂ ಮಾಯ. ಆದರೆ ಗರಾಜ್ ಬಾಗಿಲು ಮುಚ್ಚಿ ಈ ಕೆಲಸ ಮಾಡುವ ಹಾಗಿಲ್ಲ. ಹಾಗಾಗಿ ಗಾಳಿಯಿಲ್ಲದ ಸಂಜೆ ನೋಡಿ, ಬಾಗಿಲು ತೆರೆದಿಟ್ಟು, ಟಾರ್ಚನ್ನು ಓರೆಯಾಗಿ ಹಿಡಿದು ಹುಡುಕಿದೆ.

ಕ್ಯಾನಿಸ್ಟರ್ ಹತ್ತಿರ ಏನೂ ಇಲ್ಲ. ಟ್ಯಾಂಕಿನ ಮೇಲೆ ಪಂಪ್ ಕೂರುವ ಜಾಗದಲ್ಲೂ ಇಲ್ಲ. ಹಿಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದಾಗ ಸಿಕ್ಕಿತು. ಕ್ಯಾಪ್ ಇರುವ ಬಾಯಿಯಿಂದ ಟ್ಯಾಂಕಿಗೆ ಪೆಟ್ರೋಲ್ ಹೋಗುವ ಕಬ್ಬಿಣದ ಪೈಪನ್ನು ಕಾರಿನ ಮೈಗೆ ಹಿಡಿದಿಡುವ ಬ್ರ್ಯಾಕೆಟ್ ಇದೆಯಲ್ಲ, ಅದರ ಹಿಂದಿನಿಂದ ಹೊಗೆ ಏಳುತ್ತಿತ್ತು. ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು, ಮಣ್ಣು ಎರಡೂ ಆ ಸಂದಿಯಲ್ಲಿ ನಿಂತು ಪೈಪ್ ತುಕ್ಕು ಹಿಡಿದಿತ್ತು. ಸೋಪ್ ನೀರು ಹಚ್ಚಿದೆ, ಗುಳ್ಳೆ ಬಂತು.

ಎಪಾಕ್ಸಿ ಅಂಟು ಮೆತ್ತಿದರೆ ಸಾಕಲ್ವಾ ಅಂತ ಒಬ್ಬ ಸ್ನೇಹಿತ ಕೇಳಿದ. ಸುತ್ತಲಿನ ಲೋಹವೇ ಹಪ್ಪಳವಾಗಿರುವಾಗ ಮೆತ್ತುವುದು ಯಾವುದಕ್ಕೆ? ಇಡೀ ಪೈಪನ್ನೇ ಬದಲಾಯಿಸಿದೆ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಆದರೂ ಒಂದು ಮುರಿಯಿತು, ಡ್ರಿಲ್ ಮಾಡಿ ತೆಗೆಯಬೇಕಾಯಿತು. ಆ ಕೆಲಸವನ್ನು ಟ್ಯಾಂಕಿನಿಂದ ದೂರ, ಬಿಚ್ಚಿಟ್ಟ ಬ್ರ್ಯಾಕೆಟ್ ಮೇಲೆ ಮಾಡಿದೆ. ಮತ್ತೆ ಹೊಗೆ ಬಿಟ್ಟಾಗ ಮಷೀನಿನ ಫ್ಲೋ ಮೀಟರ್‌ನ ಗುಂಡು ಪೂರ್ತಿ ಕೆಳಗಿಳಿಯಿತು. ಒಳಗೆ ಹೋದದ್ದು ಎಲ್ಲೂ ಹೊರಗೆ ಬರುತ್ತಿಲ್ಲ ಅಂತ ಅರ್ಥ.

ಕೋಡ್ ಅಳಿಸಿದರೆ ಮಾನಿಟರ್‌ಗಳೆಲ್ಲ, ಅಂದರೆ ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳೆಲ್ಲ, ಮೊದಲಿನಿಂದ ಓಡಬೇಕು. ಇವ್ಯಾಪ್ ಮಾನಿಟರ್ ಎಲ್ಲಕ್ಕಿಂತ ತಡ. ಸಾಮಾನ್ಯವಾಗಿ ಪೆಟ್ರೋಲ್ ಶೇ. 15ರಿಂದ 85ರ ಒಳಗಿರಬೇಕು, ಗಾಡಿ ರಾತ್ರಿಯಿಡೀ ನಿಂತು ತಣ್ಣಗಾಗಿರಬೇಕು, ಹೊರಗೆ ತೀರಾ ಚಳಿಯೂ ಇರಬಾರದು, ಸೆಕೆಯೂ ಇರಬಾರದು. 2001 ಮತ್ತು ಅದರ ನಂತರದ ಮಾಡೆಲ್ ಕಾರುಗಳಿಗೆ ಒಂದು ಮಾನಿಟರ್ ಬಾಕಿಯಿದ್ದರೂ ಇಲ್ಲಿ ಪಾಸ್ ಮಾಡುತ್ತಾರೆ. ನಾನು ಹಾಗೆ ದಾಟಿಸಿಕೊಳ್ಳಲಿಲ್ಲ. ಇವ್ಯಾಪ್ ‘ರೆಡಿ’ ತೋರಿಸಿ, ಪೆಂಡಿಂಗ್ ಕೋಡ್ (ದೀಪ ಹತ್ತುವ ಮೊದಲೇ ಕಂಪ್ಯೂಟರ್ ಗುರುತಿಟ್ಟುಕೊಳ್ಳುವ ಕೋಡ್) ಇಲ್ಲ ಅಂತ ನೋಡಿದ ಮೇಲೆಯೇ ಇನ್‌ಸ್ಪೆಕ್ಷನ್‌ಗೆ ಹೋದೆ.